ಅಡಿಕೆ ಅಂಗಳ, ಹನ್ನೆರಡು ಹುಣಸೆ ಬೀಜ

ಕಳೆದ ನವೆಂಬರ್‌ನಲ್ಲಿ ಒಂದು ಶನಿವಾರ ಸಂಜೆ ಅಮ್ಮನ ಫೋನ್ ಬಂತು. ಬೆಳಿಗ್ಗೆ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಿದ್ದರು. ಅಂಗಳದ ತುಂಬ ಹಸಿ ಅಡಿಕೆ. ಸುಲಿಯಲು ಒಬ್ಬರೂ ಬಂದಿರಲಿಲ್ಲ.

"ಕಿಲೋಗೆ ಎರಡು ರೂಪಾಯಿ ಜಾಸ್ತಿ ಬೇಕಂತೆ. ಕೊಡದಿದ್ರೆ ಯಾರೂ ಬರೋದಿಲ್ವಂತೆ. ನೀನು ಕಾಲೇಜಲ್ಲಿ ಪಾಠ ಮಾಡೋದು ಇದನ್ನೇ ಅಲ್ವಾ? ಹೇಳು, ಎಂತ ಮಾಡೋದು?"

ನಾನು ಶಿವಮೊಗ್ಗದಲ್ಲಿ ಅರ್ಥಶಾಸ್ತ್ರ ಪಾಠ ಮಾಡಲು ಶುರು ಮಾಡಿ 14 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಅಮ್ಮ ನನ್ನ ವಿಷಯದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಇದು. ಫೋನಿನಲ್ಲಿ ಏನೂ ಹೇಳಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೇನೆ ಅಂದೆ, ಅಷ್ಟೇ. ಆದರೆ ಆ ಪ್ರಶ್ನೆ ರಾತ್ರಿಯಿಡೀ ತಲೆಯಲ್ಲಿ ಕೂತಿತ್ತು.

ನಮ್ಮ ಮನೆ ಸಾಗರದ ಆಚೆ. ಎರಡು ಎಕರೆ ಚಿಲ್ಲರೆ ಅಡಿಕೆ ತೋಟ. ಕೆಂಪಡಿಕೆ ಮಾಡುವ ಮನೆಗಳಲ್ಲಿ ಎಲ್ಲವೂ ಸಮಯದ ಮೇಲೆ ನಿಂತಿದೆ. ಕಾಯಿ ಹಸಿರಿರುವಾಗಲೇ, ಸರಿಯಾದ ಬಲಿತಕ್ಕೆ ಕೊನೆ ತೆಗೆಯಬೇಕು. ಹತ್ತು ದಿನ ತಡವಾದರೆ ಹಣ್ಣಾಗಿ ಗೋಟು ಆಗುತ್ತದೆ, ದರ ಬಿದ್ದು ಹೋಗುತ್ತದೆ. ಇಳಿಸಿದ ಮೇಲೂ ಬಿಡುವಿಲ್ಲ. ಬೇಗ ಸುಲಿಯಬೇಕು, ಹಂಡೆಗೆ ಹಾಕಿ ಚೊಗರಿನಲ್ಲಿ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ಬೇಯಿಸಬೇಕು, ಬಿಸಿಲಿಗೆ ಹರವಬೇಕು. ಬಿದ್ದಲ್ಲೇ ಬಿಟ್ಟರೆ ಬಣ್ಣ ಕೆಡುತ್ತದೆ.

ಈ ಕೆಲಸದಲ್ಲಿ ಎರಡು ಥರದ ಜನ. ಒಬ್ಬ ಕೊನೆಗೌಡ. ಮರ ಹತ್ತಿ, ತುದಿಯಲ್ಲೇ ಮರದಿಂದ ಮರಕ್ಕೆ ದಾಟುತ್ತ, ಕೊನೆ ಕೊಯ್ದು ಹಗ್ಗದ ಮೇಲೆ ಕೆಳಗೆ ಜಾರಿಸುವವನು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಔಷಧಿ ಹೊಡೆಯುವವನೂ ಅವನೇ. ಇನ್ನೊಂದು ಕಡೆ ಸುಲಿಯುವ ಹೆಂಗಸರು. ಹತ್ತು ಹನ್ನೆರಡು ಜನ ಸಾಲಾಗಿ ಕೂತು, ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು, ರಾತ್ರಿಯವರೆಗೂ ಸುಲಿಯುತ್ತಾರೆ. ನಾನು ಚಿಕ್ಕವಳಿದ್ದಾಗ ಡಬ್ಬದ ಲೆಕ್ಕ ಇತ್ತು. ಈಗ ಕಿಲೋ ಲೆಕ್ಕ.

ಕೊನೆಗೌಡ ಬಂದ ದಿನ ಅಪ್ಪ ಅವನಿಗೆ ಮೊದಲು ತಿಂಡಿ ಹಾಕಿಸುತ್ತಿದ್ದರು. "ಈ ವರ್ಷ ಇಷ್ಟು" ಅಂತ ಅವನು ಒಂದು ಮಾತು ಹೇಳುತ್ತಿದ್ದ. ಅಪ್ಪ ತಲೆ ಆಡಿಸುತ್ತಿದ್ದರು. ಮುಗಿಯಿತು. ಸುಲಿಯುವವರು ಒಂದು ರೂಪಾಯಿ ಜಾಸ್ತಿ ಕೇಳಿದರೆ ಮಾತ್ರ ಆ ಮಾತು ಎರಡು ವರ್ಷ ಎಳೆಯುತ್ತಿತ್ತು.

ಮರ ಹತ್ತೋದು ಜೀವದ ಮೇಲಿನ ಕೆಲಸ, ಅದಕ್ಕೇ ಅವನಿಗೆ ಬೆಲೆ ಅಂತ ಎಲ್ಲರೂ ಹೇಳುತ್ತಿದ್ದರು. ಅದು ನಿಜ. ಆದರೆ ಒಳಗಿನ ಅಡಿಕೆಗೆ ಗಾಯ ಆಗದ ಹಾಗೆ ಗಂಟೆಗಟ್ಟಲೆ ಸುಲಿಯುವುದು ಸುಲಭವಾ? ಅಡಿಕೆ ಸೊನೆಗೆ ಅವರ ಬೆರಳು ಮೂರು ತಿಂಗಳು ಕಪ್ಪಾಗಿಯೇ ಇರುತ್ತಿದ್ದವು. ಮದುವೆ ಮನೆಯಲ್ಲಿ ಕೈ ಸೆರಗಿನೊಳಗೆ ಇಟ್ಟುಕೊಂಡು ಊಟಕ್ಕೆ ಕಾಯುತ್ತಿದ್ದವರನ್ನು ನಾನು ನೋಡಿದ್ದೇನೆ. ಅವರಿಗೆ ಯಾಕೆ ಬೆಲೆ ಇಲ್ಲ ಅನ್ನುವ ಪ್ರಶ್ನೆಗೆ ನನಗೆ ಉತ್ತರ ಸಿಗಲು ಎಂ.ಎ. ಓದಬೇಕಾಯಿತು. ಓದಿದ ಮೇಲೂ ಅರ್ಧ ಮಾತ್ರ ಸಿಕ್ಕಿತು.

ಆ ಅರ್ಧ ಉತ್ತರ ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಬರೆದ ಒಂದು ಸಣ್ಣ ಲೇಖನದಲ್ಲಿದೆ. ಆಗ ಅವನಿಗೆ 21 ವರ್ಷ. ಅವನು ಹೇಳಿದ್ದು ಸರಳ. ಇಬ್ಬರು ಚೌಕಾಸಿಗೆ ಕೂತರೆ, ಮೊದಲು ನೋಡಬೇಕಾದದ್ದು ಮಾತು ಮುರಿದರೆ ಒಬ್ಬೊಬ್ಬರ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು. ಅದರ ಮೇಲೆ ಕೂಡಿ ಗಳಿಸುವುದಷ್ಟೇ ಹಂಚಿಕೆಗೆ ಬರುತ್ತದೆ. ಎದ್ದು ಹೋದರೂ ಬದುಕು ನಡೆಯುತ್ತದೆ ಅನ್ನುವವನಿಗೆ ಮೊದಲೇ ಅರ್ಧ ಗೆಲುವು. 1982ರಲ್ಲಿ ಅರ್ಥಶಾಸ್ತ್ರಜ್ಞ ಏರಿಯಲ್ ರೂಬಿನ್‌ಸ್ಟೈನ್ ಇದಕ್ಕೆ ಕಾಲವನ್ನು ಸೇರಿಸಿದ. ಒಬ್ಬರಾದ ಮೇಲೆ ಒಬ್ಬರು ದರ ಹೇಳುತ್ತ ಹೋದರೆ, ಕಾಯಬಲ್ಲವನಿಗೆ ದೊಡ್ಡ ಪಾಲು.

ನಮ್ಮ ಮನೆಯಲ್ಲಿ ಇದನ್ನು ಇಟ್ಟು ನೋಡಿ. ಕೊನೆಗೌಡನ ಮುಂದೆ ಅಪ್ಪ ಕಾಯುವ ಹಾಗಿಲ್ಲ, ಒಂದೊಂದು ದಿನವೂ ಕಾಯಿ ಹಣ್ಣಾಗುತ್ತಿದೆ. ಸುಲಿಯುವವಳೂ ಅಪ್ಪನ ಮುಂದೆ ಕಾಯುವ ಹಾಗಿಲ್ಲ, ಅವಳಿಗೆ ಗುರುವಾರ ಸಂತೆ ಇದೆ, ಸಂಘದ ಕಂತು ಇದೆ. ಒಂದು ಮಟ್ಟಿಗೆ ಇದು ಸರಿ ಹೋಗುತ್ತದೆ. ಆದರೆ ಒಂದು ಗಂಟು ಹಾಗೇ ಉಳಿಯಿತು. ಇಳಿಸಿದ ಅಡಿಕೆಯೂ ಕಾಯುವುದಿಲ್ಲವಲ್ಲ? ಅಂದ ಮೇಲೆ ಸುಲಿಯುವವಳ ಮುಂದೆಯೂ ಅಪ್ಪ ಅಷ್ಟೇ ಅವಸರದಲ್ಲಿ ಇರಬೇಕಿತ್ತು. ಇರಲಿಲ್ಲ.

ಈ ಗಂಟು ಬಿಚ್ಚಿದ್ದು ನಾನು ಪಾಠ ಮಾಡುವ ಎರಡನೇ ವರ್ಷದ ಬಿ.ಎ. ಕ್ಲಾಸಿನಲ್ಲಿ, ಹುಣಸೆ ಬೀಜದಲ್ಲಿ.

ಚೌಕಾಸಿ ಯಾವತ್ತೂ ಇಬ್ಬರ ನಡುವೆ ನಡೆಯುವುದಲ್ಲ. ಕೂತವರು ಇಬ್ಬರೇ ಆದರೂ ಅವರ ಹಿಂದೆ ಸಾಲು ಸಾಲು ಜನ ಇರುತ್ತಾರೆ. ಯಾರಿಗೆ ಯಾರ ಮನೆ ಬಾಗಿಲು ತೆರೆದಿದೆ ಅನ್ನುವ ಒಂದು ಬಲೆ ಅದು. ಇದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಹೇಳಿದರೆ ಸುಮ್ನೆ ಬರೆದುಕೊಳ್ಳುತ್ತಾರೆ. ಹಾಗಾಗಿ ಆಟ ಆಡಿಸಿದೆ.

ಮೂರು ಹುಡುಗಿಯರನ್ನು ಸಾಲಾಗಿ ಕೂರಿಸಿದೆ. ಪಕ್ಕಪಕ್ಕದವರು ಮಾತ್ರ ಮಾತಾಡಬಹುದು. ಇಬ್ಬರು ಒಪ್ಪಿಕೊಂಡರೆ ಅವರಿಗೆ 12 ಹುಣಸೆ ಬೀಜ, ಹೇಗೆ ಬೇಕಾದರೂ ಹಂಚಿಕೊಳ್ಳಬಹುದು. ಆದರೆ ಒಬ್ಬಳು ಒಂದು ಸುತ್ತಿನಲ್ಲಿ ಒಬ್ಬಳ ಜೊತೆ ಮಾತ್ರ ಒಪ್ಪಂದ ಮಾಡಬಹುದು. ಮೊದಲ ಸುತ್ತಿನಲ್ಲಿ ನಡುವಿನವಳು 6-6 ಹಂಚಿಕೊಂಡಳು, ಪಾಪ, ಗೆಳತಿ ಅಲ್ವಾ. ಉಳಿದ ತುದಿಯವಳಿಗೆ ಏನೂ ಇಲ್ಲ. ಎರಡನೇ ಸುತ್ತಿನಲ್ಲಿ ಅವಳು "ನನಗೆ 5 ಸಾಕು" ಅಂದಳು. ಇನ್ನೊಬ್ಬಳು "ನನಗೆ 4" ಅಂದಳು. ಆರನೇ ಸುತ್ತಿಗೆ ನಡುವಿನವಳ ಕೈಯಲ್ಲಿ 11 ಬೀಜ. ಅವಳು ಒಮ್ಮೆಯೂ ಗಟ್ಟಿಯಾಗಿ ಮಾತಾಡಲಿಲ್ಲ. ದರ ಇಳಿಸಿದ್ದೆಲ್ಲ ತುದಿಯವರೇ.

ನಂತರ ನಾಲ್ವರ ಸಾಲು. ಇಲ್ಲಿ ನಡುವಿನ ಇಬ್ಬರಿಗೆ ಎರಡೆರಡು ಬಾಗಿಲು, ತುದಿಯವರಿಗೆ ಒಂದೊಂದೇ. ಆದರೆ ಯಾರೂ ಹೊರಗೆ ಉಳಿಯಬೇಕಿಲ್ಲ, ಎರಡು ಜೋಡಿ ಆಗಬಹುದು. ಲೆಕ್ಕ ಹಾಕಿದರೆ ನಡುವಿನವರಿಗೆ ಮೂರರಲ್ಲಿ ಎರಡು ಪಾಲು, ಅಂದರೆ 8, ತುದಿಯವರಿಗೆ 4 ಬರಬೇಕು. ಇಂಥ ಸಮತೋಲದ ಹಂಚಿಕೆ ಯಾವ ಬಲೆಯಲ್ಲಿ ಸಾಧ್ಯ, ಅದನ್ನು ಲೆಕ್ಕ ಹಾಕಿ ಕಂಡುಹಿಡಿಯುವುದು ಹೇಗೆ ಅಂತ 2008ರಲ್ಲಿ ಜಾನ್ ಕ್ಲೈನ್‌ಬರ್ಗ್, ಇವಾ ಟಾರ್ಡೋಸ್ ಎಂಬ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ಕ್ಲಾಸಿನಲ್ಲಿ ಹೆಚ್ಚಾಗಿ 7-5 ಬಂತು. ಮನುಷ್ಯರಿಗೆ ಸ್ವಲ್ಪ ದಾಕ್ಷಿಣ್ಯ ಇರುತ್ತದೆ.

ಐವರ ಸಾಲಿನಲ್ಲಿ ಮಕ್ಕಳು ದಂಗಾದರು. ಆಟಕ್ಕೆ ಮೊದಲು ಕೇಳಿದೆ, ಯಾರಿಗೆ ಜಾಸ್ತಿ ಸಿಗುತ್ತದೆ? ಎಲ್ಲರೂ ಮೂರನೆಯವಳು ಅಂದರು. ಅವಳೇ ಅಲ್ವಾ ಸರಿಯಾಗಿ ಮಧ್ಯದಲ್ಲಿ ಇರುವವಳು? ಮೂರು ಜನರ ಸಾಲಿನಲ್ಲಿ ಮಧ್ಯದವಳು ಗೆದ್ದಿದ್ದನ್ನು ಆಗತಾನೇ ನೋಡಿದ್ದರು. ಆಟ ಮುಗಿದಾಗ ಎರಡನೆಯವಳ ಮತ್ತು ನಾಲ್ಕನೆಯವಳ ಮುಂದೆ ಬೀಜದ ಗುಡ್ಡೆ. ಮೂರನೆಯವಳ ಮುಂದೆ ಬೆರಳೆಣಿಕೆಯಷ್ಟು.

ಯಾಕೆ ಅಂತ ಒಂದು ಕ್ಷಣ ನಿಂತು ನೋಡಿ. ಒಂದು, ಮೂರು, ಐದು, ಈ ಮೂವರೂ ಎರಡನೆಯವಳ ಅಥವಾ ನಾಲ್ಕನೆಯವಳ ಬಾಗಿಲನ್ನೇ ತಟ್ಟಬೇಕು. ಮೂರು ಜನ, ಎರಡು ಬಾಗಿಲು. ಪ್ರತಿ ಸುತ್ತಿನಲ್ಲೂ ಒಬ್ಬಳು ಹೊರಗೆ. ಮೂರನೆಯವಳಿಗೆ ಎರಡು ಬಾಗಿಲು ಗೊತ್ತು ನಿಜ. ಆದರೆ ಆ ಎರಡೂ ಬಾಗಿಲಲ್ಲಿ ಅವಳಿಗಿಂತ ಹಸಿದವರು ಮೊದಲೇ ನಿಂತಿದ್ದಾರೆ. ತುದಿಯವಳು 1 ಬೀಜಕ್ಕೂ ಒಪ್ಪುತ್ತಾಳೆ. ಅಂದ ಮೇಲೆ ಮೂರನೆಯವಳೂ ಅಲ್ಲಿಗೇ ಇಳಿಯಬೇಕು.

ಇದು ನನ್ನ ಆಟ ಅಲ್ಲ. ರಿಚರ್ಡ್ ಎಮರ್ಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1962ರಲ್ಲಿ ಒಂದು ಮಾತು ಬರೆದಿದ್ದ: ನಿನ್ನ ಮೇಲೆ ನನಗಿರುವ ಬಲ ಅಂದರೆ ನೀನು ನನ್ನ ಮೇಲೆ ಎಷ್ಟು ಅವಲಂಬಿಸಿದ್ದೀಯೋ ಅಷ್ಟು. ಆಮೇಲೆ ಅವನು, ಕ್ಯಾರೆನ್ ಕುಕ್ ಮತ್ತು ಜೊತೆಗಾರರು ಪ್ರಯೋಗಾಲಯದಲ್ಲಿ ಜನರನ್ನು ಇಂಥ ಬಲೆಗಳಲ್ಲಿ ಕೂರಿಸಿ ಚೌಕಾಸಿ ಮಾಡಿಸಿದರು. ಬಲೆಯ ನಟ್ಟನಡುವೆ ಇರುವವನೇ ಬಲಶಾಲಿ ಅನ್ನುವ ನಂಬಿಕೆ ತಪ್ಪು ಅಂತ ಅವರ 1983ರ ಲೇಖನ ತೋರಿಸಿತು. ನಿನಗೆ ಎಷ್ಟು ಜನ ಗೊತ್ತು ಎಂಬುದರ ಜೊತೆಗೆ, ಅವರಿಗೆ ನಿನ್ನನ್ನು ಬಿಟ್ಟರೆ ಇನ್ನು ಯಾರಿದ್ದಾರೆ ಎಂಬುದನ್ನೂ ಕೇಳಬೇಕು.

ಅಪ್ಪನ ಅಂಗಳ ಆಗ ಸ್ಪಷ್ಟವಾಯಿತು. ನಮ್ಮ ಕಡೆ ಒಬ್ಬ ಕೊನೆಗೌಡನಿಗೆ ಹತ್ತು ಹನ್ನೆರಡು ತೋಟ. ಈ ಮನೆ ಬಿಟ್ಟರೆ ಇನ್ನೊಂದು ಮನೆಯವರು ಬೈಕ್ ತಂದು ನಿಲ್ಲಿಸುತ್ತಾರೆ. ಸುಲಿಯುವವಳಿಗೆ ಕೇರಿಯಿಂದ ನಡೆದು ಹೋಗಿ, ರಾತ್ರಿ ನಡೆದು ಬರಬಹುದಾದ ಅಂಗಳ ಒಂದೋ ಎರಡೋ. ಅವಳು ಒಬ್ಬಳು ಬಾರದಿದ್ದರೆ ಉಳಿದ ಹನ್ನೊಂದು ಜನ ಒಂದು ಗಂಟೆ ಜಾಸ್ತಿ ಕೂರುತ್ತಾರೆ, ಅಡಿಕೆ ಕೆಡುವುದಿಲ್ಲ. ಹನ್ನೆರಡೂ ಜನ ಬಾರದಿದ್ದರೆ ಮಾತ್ರ ಕೆಡುತ್ತದೆ. ಅಮ್ಮ ಫೋನ್ ಮಾಡಿದ್ದು ಅಂಥ ಒಂದು ಸಂಜೆ.

ನಾನೂ ಒಮ್ಮೆ ಆ ಮೂರನೆಯವಳಾಗಿದ್ದೆ. ಓದು ಮುಗಿಸಿ ಒಂದು ಖಾಸಗಿ ಕಾಲೇಜಿಗೆ ಸೇರಿದಾಗ ನನಗೆ ಬೇಕಾದಷ್ಟು ಜನ ಗೊತ್ತಿದ್ದರು. ಆಡಳಿತ ಮಂಡಳಿಯಲ್ಲಿ ಒಬ್ಬರು ಅಪ್ಪನಿಗೆ ಪರಿಚಯ. ನನಗೆ ಪಾಠ ಮಾಡಿದವರೇ ಇಬ್ಬರು ಅಲ್ಲಿದ್ದರು. ಸಂಬಳದ ಮಾತು ಬಂದಾಗ ಪ್ರಿನ್ಸಿಪಾಲರು ಸಮಾಧಾನದಿಂದಲೇ ಹೇಳಿದರು, "ನಿಮಗೆ ಬೇಡ ಅಂದ್ರೆ ಏನೂ ಬೇಜಾರಿಲ್ಲಮ್ಮಾ, ಅರ್ಜಿ ಹಾಕಿದವರು ಇನ್ನೂ ಹತ್ತು ಜನ ಇದ್ದಾರೆ." ನಾನು ಸಹಿ ಹಾಕಿದೆ. ವರ್ಷಕ್ಕೆ ಹತ್ತೇ ತಿಂಗಳ ಸಂಬಳ, ಬೇಸಿಗೆ ರಜೆಗೆ ಇಲ್ಲ.

ಮೂರು ವರ್ಷ ಆದಮೇಲೆ ಗೊತ್ತಾಯಿತು, ಅದೇ ದಿನ ಸೇರಿದ ಗೆಳತಿಗೆ ತಿಂಗಳಿಗೆ 3,000 ರೂಪಾಯಿ ಜಾಸ್ತಿ ಇತ್ತು ಅಂತ. ಅವಳು ಜಗಳ ಮಾಡಿರಲಿಲ್ಲ. ಇನ್ನೊಂದು ಕಾಲೇಜಿನಿಂದಲೂ ಕರೆ ಬಂದಿದೆ ಅಂತ ಒಂದು ಮಾತು ಹೇಳಿದ್ದಳು. ನನ್ನನ್ನು ಇವತ್ತಿಗೂ ಕಾಡುವುದು ಆ 3,000 ರೂಪಾಯಿ ಅಲ್ಲ. ಮೂರು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಒಂದೇ ಡಬ್ಬಿಯ ಚಿತ್ರಾನ್ನ ತಿಂದೆವು, ಆದರೆ ನಿನಗೆ ಎಷ್ಟು ಕೊಡ್ತಾರೆ ಅಂತ ಒಬ್ಬರನ್ನೊಬ್ಬರು ಕೇಳಲಿಲ್ಲ. ಸಂಬಳ ಕೇಳಬಾರದು ಅಂತ ನಮಗೆ ಯಾರೂ ಆಣೆ ಹಾಕಿಸಿರಲಿಲ್ಲ. ಅದು ನಮ್ಮ ನಡತೆ ಆಗಿತ್ತು. ಓದಿದವರ ಕೆಲಸದ ಸಂಸ್ಕೃತಿ ಅದು. ಮರ್ಯಾದೆ ಅಂತ ನಾವು ತಿಳಿದುಕೊಂಡಿದ್ದರ ಲಾಭ ಯಾರಿಗೆ ಹೋಗುತ್ತಿತ್ತು ಅಂತ ಯೋಚಿಸಿರಲಿಲ್ಲ.

ನಮ್ಮ ಹಳ್ಳಿಯಲ್ಲಿ ಇದು ಪೂರ್ತಿ ಉಲ್ಟಾ. ಯಾರಿಗೆ ಎಷ್ಟು ಕೂಲಿ ಅಂತ ಕೇರಿಯ ಮಗುವಿಗೂ ಗೊತ್ತು. 'ಊರ ಕೂಲಿ' ಅಂತ ಒಂದು ಇದೆ. ಅದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಅದಕ್ಕಿಂತ ಕಡಿಮೆಗೆ ಹೋದವರನ್ನು ಮರುದಿನ ಬಾವಿಕಟ್ಟೆಯಲ್ಲಿ ಯಾರೂ ಮಾತಾಡಿಸುವುದಿಲ್ಲ.

ಇದು ಎಷ್ಟು ಗಟ್ಟಿ ಅಂತ ಎಮಿಲಿ ಬ್ರೆಜಾ, ಸುಪ್ರೀತ್ ಕೌರ್, ನಂದಿತಾ ಕೃಷ್ಣಸ್ವಾಮಿ ಎಂಬ ಮೂವರು ಅರ್ಥಶಾಸ್ತ್ರಜ್ಞೆಯರು ಒಡಿಶಾದ ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದ್ದಾರೆ. ಅಲ್ಲಿನ ಮಾಲೀಕರ ಮೂಲಕವೇ 502 ಕೂಲಿಗಳಿಗೆ ಕೆಲಸ ಕೊಡಿಸಲು ಹೊರಟರು. ಕೆಲವರಿಗೆ ಊರ ಕೂಲಿ, ಕೆಲವರಿಗೆ ಅದಕ್ಕಿಂತ ಕಡಿಮೆ. ಕೆಲವರಿಗೆ ಗುಟ್ಟಾಗಿ ಕೇಳಿದರು, ಕೆಲವರಿಗೆ ನಾಲ್ಕು ಜನರ ಕಿವಿಗೆ ಬೀಳುವ ಹಾಗೆ ಕೇಳಿದರು. ಕೆಲಸವಿಲ್ಲದೆ ಕೂತವರು ಗುಟ್ಟಾಗಿ ಕೇಳಿದಾಗ ಕಡಿಮೆ ಕೂಲಿಗೂ ಹೂಂ ಅಂದರು. ಬೇರೆಯವರಿಗೆ ಕೇಳಿಸುವ ಹಾಗಿದ್ದರೆ ಒಪ್ಪಿದವರು ತೀರಾ ವಿರಳ. ಊರ ಕೂಲಿಯನ್ನೇ ಕೊಟ್ಟರೆ ಯಾರಿಗೆ ಕೇಳಿಸಿದರೂ ವ್ಯತ್ಯಾಸ ಇಲ್ಲ. ಕಟ್ಟುಪಾಡು ಮುರಿದವರು ಅನ್ನಿಸಿಕೊಳ್ಳಬಾರದು ಅಂತ ಅವರು ಬಿಟ್ಟುಕೊಟ್ಟದ್ದು ವಾರದ ಸರಾಸರಿ ದುಡಿಮೆಯ 49%. ಸುಮಾರು ಅರ್ಧ! ಅಷ್ಟೇ ಅಲ್ಲ, ಕಡಿಮೆ ಕೂಲಿಗೆ ಒಪ್ಪಿದ ಅಪರಿಚಿತನಿಗೆ ದಂಡ ಹಾಕಲು ಕೈಯಿಂದ ದುಡ್ಡು ಕೊಡಲೂ ಜನ ತಯಾರಿದ್ದರು. ಆತ ದೂರದ ಬೇರೆ ಸೀಮೆಯವನಾದರೂ ಸರಿ.

ಇದನ್ನು ಓದಿದ ದಿನ ನನಗೆ ನಮ್ಮ ಅಂಗಳದ ಒಬ್ಬ ಹಿರಿಯ ಹೆಂಗಸು ನೆನಪಾದರು. ನಾನು ಹೈಸ್ಕೂಲಿನಲ್ಲಿದ್ದಾಗ, ಅವರ ಗಂಡ ಆಸ್ಪತ್ರೆಯಲ್ಲಿದ್ದ ವರ್ಷ, ಅಪ್ಪ ಒಂದು ಮಾತು ಹೇಳಿದ್ದರು. ಉಳಿದವರು ಬಾರದಿದ್ದರೂ ನೀನು ಹಳೆ ದರಕ್ಕೆ ಬಾ, ದಿನಾ ಕೆಲಸ ಕೊಡ್ತೇನೆ. ಆಕೆ ನೆಲ ನೋಡುತ್ತ ನಿಂತಿದ್ದರು. ಆಮೇಲೆ "ಬೇಡ ಹೆಗಡೇರೇ" ಅಂದು ಹೊರಟುಹೋದರು. ದುಡ್ಡಿನ ಅಷ್ಟು ಅಡಚಣೆ ಇದ್ದೂ ಬೇಡ ಅನ್ನುತ್ತಾಳಲ್ಲ, ಸೊಕ್ಕು ಅಂತ ಅಪ್ಪ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ. ಆಕೆ ಅವತ್ತು ಉಳಿದ ಹನ್ನೊಂದು ಜನರ ಕೂಲಿಯನ್ನು ಹಿಡಿದು ನಿಂತಿದ್ದರು ಅಂತ ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಒಬ್ಬೊಬ್ಬರಾಗಿ ಬಾಗಿಲೇ ಇಲ್ಲದವರು ಕೂಡಿ ಕಟ್ಟಿಕೊಂಡ ಗೋಡೆ ಈ ಊರ ಕೂಲಿ. ಅದಕ್ಕೂ ಬೆಲೆ ಇದೆ, ಅದನ್ನು ಮುಚ್ಚಿಡಬಾರದು. ಸುಪ್ರೀತ್ ಕೌರ್ 600 ಜಿಲ್ಲೆಗಳ ಮಳೆ ಮತ್ತು ಕೂಲಿಯ ಲೆಕ್ಕ ಹಿಡಿದು 2019ರಲ್ಲಿ ಒಂದು ಲೇಖನ ಪ್ರಕಟಿಸಿದರು. ಒಳ್ಳೆ ಮಳೆಯ ವರ್ಷ ಕೂಲಿ ಏರುತ್ತದೆ. ಬರ ಬಂದರೆ ಇಳಿಯುವುದಿಲ್ಲ. ಒಳ್ಳೆ ವರ್ಷ ಕಳೆದು ಮಾಮೂಲಿ ವರ್ಷ ಬಂದರೂ ಏರಿದ ಕೂಲಿ ಏರಿದಲ್ಲೇ ನಿಲ್ಲುತ್ತದೆ, ಆಗ ಕೆಲಸದ ದಿನಗಳು ಸುಮಾರು 9% ಕಡಿಮೆಯಾಗುತ್ತವೆ. ಕೂಲಿ ಇಳಿಸುವುದು ಅನ್ಯಾಯ, ಇಳಿಸಿದರೆ ಆಳು ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ ಅಂತ ಕೂಲಿಯವರೂ ಹೇಳುತ್ತಾರೆ, ಮಾಲೀಕರೂ ಹೇಳುತ್ತಾರೆ. ಅಂದರೆ ಗೋಡೆಯ ಒಳಗಿದ್ದವರಿಗೆ ನೆರಳು, ಆ ವರ್ಷ ಕೆಲಸ ಸಿಗದವರಿಗೆ ಬಿಸಿಲು. ಆ ಬಿಸಿಲು ಮೊದಲು ತಟ್ಟುವುದು ವಯಸ್ಸಾದವರಿಗೆ, ಬಾಣಂತಿಯರಿಗೆ, ಕೈ ನಿಧಾನ ಇರುವವರಿಗೆ. ನಮ್ಮ ಅಂಗಳದಲ್ಲೇ ನೋಡಿದ್ದೇನೆ.

ಆದರೂ ನಾನು ಗೋಡೆಯ ಪರವೇ. ಯಾಕೆಂದರೆ ಇನ್ನೊಂದು ಗೋಡೆಯೂ ಇದೆ, ಅದನ್ನು ಕಟ್ಟಿದವರು ನಾವು. ಚಿಕ್ಕಂದಿನಲ್ಲಿ ನಮ್ಮ ಜಗುಲಿಯಲ್ಲಿ ಸುಗ್ಗಿಗೆ ಮುಂಚೆ ಏಳೆಂಟು ತೋಟದವರು ಕವಳ ಹಾಕುತ್ತ ಕೂರುತ್ತಿದ್ದರು. ಮಾತು ಮಳೆಯಿಂದ ಶುರುವಾಗಿ, ಮಂಡಿ ದರಕ್ಕೆ ಹೋಗಿ, ಕೊನೆಗೆ "ಈ ಸಲ ಸುಲಿಯೋದಕ್ಕೆ ಇಷ್ಟೇ, ಯಾರೂ ಹೆಚ್ಚು ಕೊಡೋದು ಬೇಡ" ಅನ್ನುವಲ್ಲಿಗೆ ಮುಟ್ಟುತ್ತಿತ್ತು. ಅದನ್ನು ಯಾರೂ ಸಂಘಟನೆ ಅನ್ನುತ್ತಿರಲಿಲ್ಲ. ಕೂಲಿ ಏರದಂತೆ ನೋಡಿಕೊಳ್ಳಲು ಮಾಲೀಕರು ಎಲ್ಲ ಕಾಲದಲ್ಲೂ ಎಲ್ಲ ಕಡೆಯೂ ಒಳಗೊಳಗೇ ಒಂದಾಗಿರುತ್ತಾರೆ ಅಂತ ಆಡಂ ಸ್ಮಿತ್ 1776ರಲ್ಲೇ ಬರೆದಿದ್ದಾನೆ. ಅದು ಸಹಜ ಸ್ಥಿತಿ ಅನ್ನಿಸಿಬಿಟ್ಟಿರುವುದರಿಂದ ಅದರ ಸುದ್ದಿಯೇ ಯಾರಿಗೂ ಕೇಳುವುದಿಲ್ಲ ಅಂತಲೂ ಸೇರಿಸಿದ್ದಾನೆ. ಆ ಜಗುಲಿಯಲ್ಲಿ ಮಜ್ಜಿಗೆ ಲೋಟ ತಂದು ಕೊಡುತ್ತಿದ್ದ ಹುಡುಗಿ ನಾನು. ಕೇಳಿಸಿಕೊಂಡಿದ್ದೆ.

ಮತ್ತೆ ಹುಣಸೆ ಬೀಜಕ್ಕೆ ಬರುತ್ತೇನೆ. ಮೂವರ ಆಟದ ಕೊನೆಗೆ ನಾನು ಒಂದು ಬದಲಾವಣೆ ಮಾಡಿದೆ. ತುದಿಯ ಇಬ್ಬರೂ ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಳ್ಳಬಹುದು ಅಂದೆ. ಒಂದೇ ಒಂದು ಗೆರೆ ಎಳೆದದ್ದು. ಎರಡು ಸುತ್ತಿನಲ್ಲಿ ನಡುವಿನವಳ 11 ಬೀಜ 6ಕ್ಕೆ ಇಳಿಯಿತು. ತುದಿಯವರು ಹೆಚ್ಚು ಸಲ ಆ ಗೆರೆಯನ್ನು ಬಳಸಲೂ ಇಲ್ಲ. ಅದು ಇದೆ ಅನ್ನುವುದೇ ಸಾಕಾಯಿತು.

ನಮ್ಮಲ್ಲಿ ಈ ಗೆರೆಗೆ ಹಳೆಯ ಹೆಸರಿದೆ, ಮುಯ್ಯಾಳು. ಇವತ್ತು ನಿನ್ನ ಗದ್ದೆ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ದುಡ್ಡಿಲ್ಲ, ಲೆಕ್ಕ ಮಾತ್ರ ಇದೆ. ಅರ್ಧ ಎಕರೆ ಗದ್ದೆ ಇರುವ ಮನೆಗಳು ನಾಟಿಯ ಹದಿನೈದು ದಿನ ಯಾರ ಅಂಗಳಕ್ಕೂ ಹೋಗಬೇಕಿರಲಿಲ್ಲ. ಆ ಹದಿನೈದು ದಿನ ತೋಟದವರು ಆಳು ಸಿಗುವುದಿಲ್ಲ ಅಂತ ಪೇಚಾಡುತ್ತಿದ್ದದ್ದು, ಗೊಬ್ಬರ ಹೊರಲು ಬಂದವರಿಗೆ ಮಾತಿಲ್ಲದೆ ಜಾಸ್ತಿ ಕೊಡುತ್ತಿದ್ದದ್ದು ನೆನಪಿದೆ.

2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗಲೂ ಆದದ್ದು ಇದೇ. ಹಳ್ಳಿಯ ಒಂದು ಮನೆಗೆ ವರ್ಷಕ್ಕೆ 100 ದಿನ ಕೆಲಸ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ನಮ್ಮೂರಲ್ಲಿ ಕೆರೆ ಹೂಳು ತೆಗೆಯಲು ಹೋದವರು ಕೆಲವೇ ಜನ. ಆದರೂ ತೋಟದವರ ದನಿ ಇಳಿಯಿತು. ಅರ್ಥಶಾಸ್ತ್ರಜ್ಞರಾದ ಕ್ಲೆಮೆಂಟ್ ಇಂಬರ್ಟ್ ಮತ್ತು ಜಾನ್ ಪ್ಯಾಪ್ ಇಡೀ ದೇಶದ ಅಂಕಿಗಳಿಂದ ಇದನ್ನು ತೋರಿಸಿದ್ದಾರೆ, ಈ ಯೋಜನೆಯಿಂದ ಖಾಸಗಿ ಕೆಲಸದ ಕೂಲಿಯೂ ಏರಿತು ಅಂತ. ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು ಆಗಿನ ಆಂಧ್ರಪ್ರದೇಶದಲ್ಲಿ ಯೋಜನೆ ಸರಿಯಾಗಿ ನಡೆದ ಮಂಡಲಗಳನ್ನು ನೋಡಿದಾಗ, ಬಡ ಮನೆಗಳ ಆದಾಯ ಏರಿದ್ದು ಹೆಚ್ಚಾಗಿ ಯೋಜನೆಯ ದುಡ್ಡಿನಿಂದ ಅಲ್ಲ, ಹೊರಗಿನ ಕೂಲಿಯಿಂದ. ತೆರೆದಿಟ್ಟ ಬಾಗಿಲು ಅದರೊಳಗೆ ಹೋಗದವರಿಗೂ ಕೂಲಿ ತರುತ್ತದೆ. ಈ ಯೋಜನೆಯನ್ನು "ಆಳುಗಳನ್ನು ಸೋಮಾರಿ ಮಾಡಿತು" ಅಂತ ಬೈಯುವ ನೆಂಟರು ನನಗೆ ಬಹಳ ಜನ ಇದ್ದಾರೆ. ಅವರ ಜೊತೆ ಪ್ರತಿ ಶ್ರಾದ್ಧದ ಊಟದಲ್ಲೂ ವಾದ ಮಾಡುತ್ತೇನೆ, ಇನ್ನು ಮುಂದೆಯೂ ಮಾಡುತ್ತೇನೆ.

ಬಲೆ ಇದ್ದರೆ ಒಳ್ಳೆಯದೇ ಅಂತ ಮಾತ್ರ ಹೇಳಲಾರೆ. ನಮ್ಮ ಕರಾವಳಿಯ ಹುಡುಗರು ಮುಂಬೈಗೆ ಹೋದದ್ದು ಇಂಥ ಪರಿಚಯದ ಬಲೆ ಹಿಡಿದೇ. ಊರಿನವರ ಹೋಟೆಲು, ಅಲ್ಲೇ ಊಟ, ಅಲ್ಲೇ ನಿದ್ದೆ, ಸಂಜೆ ಕನ್ನಡ ರಾತ್ರಿ ಶಾಲೆ. ಎಷ್ಟೋ ಮನೆ ಎದ್ದು ನಿಂತದ್ದು ಹಾಗೆ. ಆದರೆ ಅದೇ ಮುಂಬೈಯ ದಾದರ್‌ನಲ್ಲಿ ಅರ್ಥಶಾಸ್ತ್ರಜ್ಞರಾದ ಕೈವಾನ್ ಮುನ್ಷಿ ಮತ್ತು ಮಾರ್ಕ್ ರೋಸೆನ್‌ಜ್ವೀಗ್ ನಡೆಸಿದ ಅಧ್ಯಯನ 2006ರಲ್ಲಿ ಬೇರೆ ಮುಖ ತೋರಿಸಿತು. ಜಾತಿಯ ಬಲೆಯ ಮೂಲಕ ಗಿರಣಿ, ಕಾರ್ಖಾನೆ ಕೆಲಸ ಸಿಗುತ್ತಿದ್ದ ಮನೆಗಳಲ್ಲಿ ಗಂಡು ಮಕ್ಕಳನ್ನು ಮರಾಠಿ ಶಾಲೆಗೇ ಕಳಿಸುತ್ತಿದ್ದರು, ಕೆಲಸ ಹೇಗೂ ಖಾತ್ರಿ ಅಂತ. ಆ ಬಲೆಯಲ್ಲಿ ಜಾಗವೇ ಇಲ್ಲದ ಹೆಣ್ಣು ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು, ಕಾಲ ಬದಲಾದಾಗ ಮುಂದೆ ಬಂದರು. ಅಮೆರಿಕದ ಬಾಸ್ಟನ್ ಪಕ್ಕದ ನ್ಯೂಟನ್ ಊರಿನಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಕಂಡದ್ದನ್ನೂ ಇದರ ಪಕ್ಕ ಇಟ್ಟು ನೋಡಬೇಕು. ಪರಿಚಯದಿಂದ ಹೊಸ ಕೆಲಸ ಹಿಡಿದವರಲ್ಲಿ, ಆ ಪರಿಚಯದವರನ್ನು ಪದೇ ಪದೇ ನೋಡುತ್ತಿದ್ದೆ ಅಂದವರು 16.7% ಮಾತ್ರ. ಉಳಿದವರಿಗೆ ಕೆಲಸದ ಸುದ್ದಿ ಕೊಟ್ಟದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಮೊದಲೇ ಗೊತ್ತಿರುತ್ತದೆ ಅಲ್ವಾ. ನಮ್ಮ ಕೇರಿಯ ಹೆಂಗಸರಿಗೂ ಅದೇ ತೊಂದರೆ ಇತ್ತು. ಹನ್ನೆರಡು ಜನರೂ ಒಬ್ಬರಿಗೊಬ್ಬರು ತೀರಾ ಹತ್ತಿರ. ಬೆಟ್ಟದ ಆಚೆ ಎಷ್ಟು ಕೊಡುತ್ತಿದ್ದಾರೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಭಾನುವಾರ ಹನ್ನೊಂದಕ್ಕೆ ನಾನು ಮನೆ ಮುಟ್ಟಿದೆ. ಅಡಿಕೆ ಹಾಗೇ ಇತ್ತು. ಅಪ್ಪ ಹೋಗಿ ನಾಲ್ಕು ವರ್ಷ ಆಯಿತು, ಲೆಕ್ಕದ ಪುಸ್ತಕ ಈಗ ಅಮ್ಮನ ಕೈಯಲ್ಲಿದೆ. ನಾನು ಒಂದು ಕಾಗದ ತೆಗೆದುಕೊಂಡು ಕೂತೆ. ಎರಡು ರೂಪಾಯಿ ಜಾಸ್ತಿ ಕೊಟ್ಟರೆ ಈ ಸುಗ್ಗಿಗೆ ಎಷ್ಟು ಆಗುತ್ತದೆ, ಈ ರಾಶಿ ಇನ್ನೊಂದು ದಿನ ಬಿದ್ದರೆ ಎಷ್ಟು ಹೋಗುತ್ತದೆ, ಎರಡನ್ನೂ ಬರೆದು ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ಸುಲಿಯುವ ಮೆಷಿನ್ ಇರುವ ಮನೆಗೂ ಒಂದು ಫೋನ್ ಮಾಡಿದಳು. ಅವರು ಗುರುವಾರದವರೆಗೆ ಆಗೋದಿಲ್ಲ ಅಂದರು. ಆಮೇಲೆ ಕೇರಿಗೆ ಹೇಳಿ ಕಳಿಸಿದಳು.

ಮಧ್ಯಾಹ್ನಕ್ಕೆ ಹತ್ತು ಜನ ಬಂದರು. ನಾನೂ ಒಂದು ಮೆಟ್ಟುಗತ್ತಿ ಹಿಡಿದು ಕೂತೆ. ಸಂಜೆ ಚಾ ಕುಡಿಯುವಾಗ ಅವರಲ್ಲಿ ಚಿಕ್ಕವಳು ಫೋನ್ ತೆಗೆದಳು. ಸುತ್ತಲಿನ ಆರು ಹಳ್ಳಿಯ ಸುಲಿಯುವವರದ್ದು ಒಂದು ವಾಟ್ಸಾಪ್ ಗುಂಪು ಇದೆಯಂತೆ. ಬರೆಯಲು ಬಾರದವರಿಗೂ ಅಡ್ಡಿಯಿಲ್ಲ, ಎಲ್ಲ ದನಿಯಲ್ಲೇ ಕಳಿಸುವುದು. ಮೊದಲು ಹಬ್ಬಕ್ಕೆ, ಮದುವೆಗೆ ಅಂತ ಮಾಡಿಕೊಂಡಿದ್ದಂತೆ.

ಅವಳು ಒಂದನ್ನು ಒತ್ತಿದಳು. ಬೆಟ್ಟದ ಆಚೆಯ ಹಳ್ಳಿಯಿಂದ ಯಾರದೋ ದನಿ. "ಅಕ್ಕಾ, ಇಲ್ಲಿ ಇವತ್ತಿಂದ ಮೂರು ರೂಪಾಯಿ ಜಾಸ್ತಿ ಮಾಡ್ಯಾರೆ. ರಾತ್ರಿ ಮನೆಗೆ ಬಿಡೂಕೆ ಗಾಡಿನೂ ಕಳಿಸ್ತಾರೆ. ನಾಳೆ ಬರೋರು ಇದ್ರೆ ಹೇಳ್ರೇ."

ಅಂಗಳ ಒಮ್ಮೆ ಸುಮ್ಮನಾಯಿತು. ಅಮ್ಮ ಹಂಡೆಯ ಪಕ್ಕ ನಿಂತಿದ್ದಳು, ಅವಳಿಗೂ ಕೇಳಿಸಿತ್ತು. ಒಲೆಗೆ ಎರಡು ಕುಂಟೆ ನೂಕಿದಳು. ಆಮೇಲೆ ತಿರುಗಿ ಆ ಹಿರಿಯ ಹೆಂಗಸನ್ನು ಕೇಳಿದಳು, ಅವತ್ತು ಅಪ್ಪನಿಗೆ ಬೇಡ ಅಂದಿದ್ದವರನ್ನು.

"ನಾಳೆ ಎಷ್ಟು ಜನ ಬರ್ತೀರೇ? ಗಾಡಿ ನಾನೇ ಕಳಿಸ್ತೆ."